ನಮ್ಮೂರ ಹಂಚಿನ ಕಾರ್ಖಾನೆಯಲ್ಲಿ ನಾಟಕ, ಚಿತ್ರ, ಕುಂಬಾರಿಕೆ ಶುರು ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಹಿಡಿಯೋದು?

ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕರಾವಳಿಯ ಸಣ್ಣ ಊರು. ಹೊಳೆ ದಂಡೆಯಲ್ಲಿ ಒಂದು ಹಂಚಿನ ಕಾರ್ಖಾನೆ ಉಂಟು. ಬೆಂಕಿ ಆರಿ ಹದಿನೇಳು ವರ್ಷ ಆಯಿತು. ಚಿಮಣಿ ಇನ್ನೂ ನೆಟ್ಟಗೆ ನಿಂತಿದೆ, ಅದರ ನೆತ್ತಿಯಲ್ಲಿ ಒಂದು ಅಶ್ವತ್ಥದ ಗಿಡ. ಕೆಳಗೆ ಕಮಾನುಗಳ ಭಟ್ಟಿ. ಅದರ ಪಕ್ಕದಲ್ಲಿ ಹಸಿ ಹಂಚು ಒಣಗಿಸುತ್ತಿದ್ದ ದೊಡ್ಡ ಚಾವಡಿ, ಎರಡು ಅಟ್ಟದ್ದು, ಪೂರ್ತಿ ಮರದ್ದು. ಮಧ್ಯಾಹ್ನದ ಹೊತ್ತು ಒಳಗೆ ಹೋದರೆ ಮಾಡಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು ನೆಲದ ಕೆಂಪು ಧೂಳಿನ ಮೇಲೆ ಬೀಳುತ್ತದೆ. ಅಲ್ಲಿ ಮಾತಾಡಿದರೆ ದನಿ ಪ್ರತಿಧ್ವನಿಸುವುದಿಲ್ಲ, ಮರ ಪ್ರತಿಧ್ವನಿಯನ್ನು ಕುಡಿದುಬಿಡುತ್ತದೆ. ಮೊದಲ ದಿನವೇ ನಮ್ಮ ತಂಡದ ಒಬ್ಬ ಹುಡುಗಿ ಅಲ್ಲಿ ನಿಂತು ಒಂದು ಸಂಭಾಷಣೆ ಹೇಳಿದಳು. ಆಚೆ ತುದಿಯಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಕೇಳಿತು.

ನಾವು ಹನ್ನೊಂದು ಜನ. ಹವ್ಯಾಸಿ ನಾಟಕದವರೇ ಹೆಚ್ಚು. ಇಬ್ಬರು ಚಿತ್ರ ಬಿಡಿಸುತ್ತಾರೆ, ಒಬ್ಬರಿಗೆ ತಿಗರಿ ತಿರುಗಿಸಲು ಬರುತ್ತದೆ, ಒಬ್ಬರು ಶಾಲೆಯ ಮೇಷ್ಟ್ರು. ತಾಲೀಮಿಗೆ ಮದುವೆ ಹಾಲಿನ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ. ಕಾರ್ಖಾನೆ ಈಗ ದಾಯಾದಿಗಳ ಮೂರು ಪಾಲಿನಲ್ಲಿದೆ. ಊರಲ್ಲಿರುವ ಹಿರಿಯರು, "ಸದ್ಯಕ್ಕೆ ಉಪಯೋಗಿಸಿಕೊಳ್ಳಿ, ಬಾಡಿಗೆ ಬೇಡ, ಹಾವು ಚೇಳು ಸೇರುವುದಾದರೂ ತಪ್ಪಲಿ" ಅಂದಿದ್ದಾರೆ.

ಹಂಚಿನ ಕತೆ ತಿಳಿಯದವರಿಗೆ ಎರಡು ಮಾತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು, ಮಲೆನಾಡಿನ ಸೌದೆ, ಹಂಚು ಹೊತ್ತೊಯ್ಯಲು ಕೈಗೆಟಕುವ ಕಡಲು. ಇವು ಮೂರೂ ಕೂಡಿ ಬಂದದ್ದರಿಂದ ಕರಾವಳಿಯ ಉದ್ದಕ್ಕೂ ಚಿಮಣಿಗಳು ಎದ್ದವು. ಆಮೇಲೆ ಆರ್‌ಸಿಸಿ ತಾರಸಿ ಬಂತು, ಸೌದೆ ದುಬಾರಿಯಾಯಿತು, ಮಣ್ಣು ತೆಗೆಯುವುದು ಕಷ್ಟವಾಯಿತು. ಒಂದೊಂದಾಗಿ ಮುಚ್ಚಿದವು.

ಈ ಜಾಗ ಬಿದ್ದುಹೋಗುವುದನ್ನು ನೋಡಿಕೊಂಡು ಕೂರಲು ನಮಗೆ ಆಗುತ್ತಿಲ್ಲ. ಇಂಥ ಕೆಲಸ ಮಾಡಿದವರು, ಬೇರೆ ಕಡೆ ನೋಡಿದವರು ಹೇಳಿ.

ಸಂಜೆ ತಾಲೀಮು

ಓದಿ ಮೈ ಜುಮ್ ಅಂತು. ಮಾಡಿ, ಖಂಡಿತ ಮಾಡಿ. ಹೆಗ್ಗೋಡಿನಲ್ಲಿ ನೀನಾಸಮ್ ಶುರುವಾದದ್ದು 1949ರಲ್ಲಿ, ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಊರಿನವರೇ ಸೇರಿ ಕಟ್ಟಿದರೆ ಎಷ್ಟು ಕಾಲ ಹಿಡಿದರೂ ನಿಲ್ಲುತ್ತದೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ "ಬಾಡಿಗೆ ಬೇಡ" ಅಂದದ್ದು ಕೇಳಿ ನನಗೆ ಹೆದರಿಕೆ. ನಮ್ಮ ತಂಡಕ್ಕೂ ಒಬ್ಬರು ಹೀಗೇ ಒಂದು ಹಳೇ ಅಕ್ಕಿ ಗಿರಣಿ ಬಿಟ್ಟುಕೊಟ್ಟಿದ್ದರು, ಬಾಯಿಮಾತಿನಲ್ಲಿ. ಕೈಯಿಂದ ದುಡ್ಡು ಹಾಕಿ ನೆಲ ಮಾಡಿಸಿದೆವು, ವೈರಿಂಗ್ ಎಳೆಸಿದೆವು, ಹಿಂದುಗಡೆ ಎರಡು ಶೌಚಾಲಯ ಕಟ್ಟಿಸಿದೆವು. ಎರಡನೇ ವರ್ಷ ಒಂದು ಬೆಳಿಗ್ಗೆ ಹೋದರೆ ಬಾಗಿಲಿಗೆ ಹೊಸ ಬೀಗ. ಒಳಗೆ ನಮ್ಮ ಪರದೆ, ದೀಪ, ಒಂದು ಹಾರ್ಮೋನಿಯಂ. ಅವನ್ನು ಹೊರಗೆ ತರಲು ಒಂದು ತಿಂಗಳು ಅಲೆದೆವು. ನಾವು ಚೊಕ್ಕ ಮಾಡಿದ ಮೇಲೆ ಆ ಜಾಗಕ್ಕೆ ಒಳ್ಳೆಯ ಬಾಡಿಗೆದಾರರು ಸಿಕ್ಕಿದ್ದರು.

ಪರೇಲ್_ನೆನಪು

ಸಂಜೆ ತಾಲೀಮು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೆಳೆದದ್ದು ಮುಂಬಯಿಯ ಪರೇಲಿನಲ್ಲಿ. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಮಿಲ್ಲಿನ ಪಾಳಿ ಬಿಟ್ಟವರೇ ಅವರ ಗಿರಾಕಿಗಳು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಹೋಟೆಲಿನಲ್ಲಿ ಸಾಲದ ಪುಸ್ತಕ ತುಂಬುತ್ತಾ ಹೋಯಿತು, ತೀರಿಸುವವರು ಊರು ಬಿಟ್ಟರು.

ಮುಚ್ಚಿದ ಮಿಲ್ಲುಗಳ ಜಮೀನಿನ ವಿಚಾರಕ್ಕೆ ಬರುತ್ತೇನೆ. 1991ರ ನಿಯಮದ ಪ್ರಕಾರ ಅಭಿವೃದ್ಧಿಗೆ ಹೋಗುವ ಮಿಲ್ ಜಮೀನಿನಲ್ಲಿ ಮೂರನೇ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಪಾಲು ಬಡವರ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿಯಲ್ಲಿ ಲೆಕ್ಕ ಬದಲಾಯಿತು. ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಆ ಪಾಲು ಅಂದರು. ಮಿಲ್ಲುಗಳಲ್ಲಿ ಖಾಲಿ ಜಾಗ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇವತ್ತು ಪರೇಲಿನಲ್ಲಿ ಚಿಮಣಿ ಉಳಿದಿರುವ ಕಡೆ ಅದರ ಬುಡದಲ್ಲಿ ಮಾಲ್ ಇದೆ. ಬೆಂಗಳೂರಲ್ಲೂ ಅದೇ ತಾನೆ? ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್.

ಒಂದೇ ಒಂದು ಪದ ಬದಲಾದರೆ ಎಷ್ಟು ಎಕರೆ ಕೈತಪ್ಪುತ್ತದೆ ಅಂತ ಕಣ್ಣಾರೆ ಕಂಡವನು ನಾನು. ನಿಮ್ಮ ಕಾಗದವನ್ನು ವಕೀಲರ ಹತ್ತಿರ ಎರಡು ಸಲ ಓದಿಸಿ.

ಹೊಳೆಬದಿ

ಕಾಗದ ಅಂತ ಒಂದೂ ಇಲ್ಲ ಸದ್ಯಕ್ಕೆ. ಹಿರಿಯರ ಮಾತೇ ಕಾಗದ.

ತೊಲೆ_ಪಕಾಸು

ನಾನು ಸಿವಿಲ್ ಇಂಜಿನಿಯರ್, ಹಳೇ ಮನೆ, ಗುಡಿಗಳ ದುರಸ್ತಿ ಕೆಲಸ ಮಾಡುತ್ತೇನೆ. ಕಟ್ಟಡದ ಬಗ್ಗೆ ಹೇಳುವುದು ಇಷ್ಟಿದೆ.

ಚಿಮಣಿಯ ಮೇಲಿನ ಅಶ್ವತ್ಥವನ್ನು ದಯವಿಟ್ಟು ಯಾರೂ ಎಳೆದು ಕೀಳಬೇಡಿ. ಬೇರು ಇಟ್ಟಿಗೆಯ ಒಳಗೆ ಹೋಗಿರುತ್ತದೆ, ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಮೇಲಿಂದ ಕತ್ತರಿಸಿ, ಬುಡಕ್ಕೆ ಮದ್ದು ಹಾಕಿ, ಬೇರು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಸಿಮೆಂಟು ಬೇಡ. ಹಳೇ ಇಟ್ಟಿಗೆ ಉಸಿರಾಡುತ್ತದೆ, ಸಿಮೆಂಟು ಅದರ ಬಾಯಿ ಕಟ್ಟುತ್ತದೆ. ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಸಿಡಿಲಿನ ತಂತಿ ಇದೆಯಾ ನೋಡಿ. ಅದು ತಾಮ್ರದ್ದು, ಮುಚ್ಚಿದ ಕಾರ್ಖಾನೆಗಳಲ್ಲಿ ಮೊದಲು ಕಳುವಾಗುವುದೇ ಅದು.

ಭಟ್ಟಿ ನಿಮ್ಮ ವರ್ಣನೆ ನೋಡಿದರೆ ಹಾಫ್‌ಮನ್ ಭಟ್ಟಿ ಇರಬೇಕು. ಅದರಲ್ಲಿ ಹಂಚು ನಿಂತಲ್ಲೇ ಇರುತ್ತದೆ, ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತು ಹಾಕುತ್ತದೆ. ಆ ಕಮಾನು ಕೋಣೆಗಳು ಚಿತ್ರ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಓಡಾಟಕ್ಕೆ ಸುಲಭ ಅಂತ ಕಮಾನು ಒಡೆದು ಬಾಗಿಲು ಮಾಡಿದಿರೋ, ಪಕ್ಕದ ಕಮಾನಿನ ಭಾರಕ್ಕೆ ಆಸರೆ ತಪ್ಪುತ್ತದೆ. ಇರುವ ಬಾಯಿಗಳಲ್ಲೇ ಓಡಾಡಿ.

ಮರದ ಅಟ್ಟಕ್ಕೆ ಸದ್ಯ ಯಾರನ್ನೂ ಹತ್ತಿಸಬೇಡಿ. ಹಸಿ ಹಂಚಿನ ಭಾರ ತಡೆದ ಮರ ಅನ್ನುವುದು ನಿಜ. ಆದರೆ ಹಂಚು ಕುಣಿಯುವುದಿಲ್ಲ. ಪ್ರತಿ ತೊಲೆಯ ತುದಿ, ಅಂದರೆ ಗೋಡೆಯೊಳಗೆ ಹೋಗುವ ಭಾಗ, ಅಲ್ಲಿ ಉಳಿ ಚುಚ್ಚಿ ನೋಡಬೇಕು. ಗೆದ್ದಲು ಮೊದಲು ಕೂರುವುದು ಅಲ್ಲೇ. ಆಮೇಲೆ ಹಿಂದಿನ ಶೆಡ್ಡಿಗೆ ಸಿಮೆಂಟ್ ಶೀಟು ಹೊದಿಸಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆಯಬೇಡಿ, ಗರಗಸ ಹಾಕಬೇಡಿ, ಗುಡಿಸುವಾಗ ನೀರು ಚಿಮುಕಿಸಿ.

ಮಣ್ಣು ತೆಗೆದ ಗುಂಡಿ ಆವರಣದಲ್ಲೇ ಇದ್ದರೆ ಇವತ್ತೇ ಬೇಲಿ ಹಾಕಿ. ಮಕ್ಕಳು ಬರುತ್ತಾರೆ, ಮಳೆಗಾಲದಲ್ಲಿ ಅದರ ಆಳ ಗೊತ್ತಾಗುವುದಿಲ್ಲ. ಈ ಸಾಲು ಬರೆಯುವಾಗ ನನ್ನ ಕೈ ನಡುಗುತ್ತದೆ, ಕಾರಣ ಕೇಳಬೇಡಿ.

ಮಾಡಿನ ಹಂಚು ಎಷ್ಟು ಒಡೆದಿದೆ? ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ನಿಮ್ಮದು. ಕಲೆ, ಗಿಲೆ ಎಲ್ಲ ಆಮೇಲೆ. ಮೊದಲು ಮಾಡಿನ ದುರಸ್ತಿ.

ಹೊಳೆಬದಿ

ಮೂರು ಕಡೆ ಸೋರುತ್ತದೆ. ಹಂಚಿಗೇನೂ ಕೊರತೆಯಿಲ್ಲ, ಗೋದಾಮಿನಲ್ಲಿ ಕಾರ್ಖಾನೆಯ ಮುದ್ರೆ ಒತ್ತಿದ ಹಂಚು ರಾಶಿಯಾಗಿ ಬಿದ್ದಿದೆ. ರೀಪು ಮಾತ್ರ ಹೊಸದು ಬೇಕು. ಗುಂಡಿಗೆ ಬೇಲಿ ನಾಳೆಯೇ ಹಾಕಿಸುತ್ತೇವೆ.

ಮಿಲ್ಲಿನ ಮಗಳು

ಎಲ್ಲರೂ ಕಟ್ಟಡದ ಬಗ್ಗೆ ಬರೆದಿದ್ದೀರಿ. ನಾನು ಬೇರೆ ಒಂದು ಕೇಳಬೇಕು. ಅಲ್ಲಿ ಕೆಲಸ ಮಾಡಿದವರು ಎಲ್ಲಿದ್ದಾರೆ? ಅವರನ್ನು ಕೇಳಿದಿರಾ?

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದರು. ಮಿಲ್ಲಿನ ಕೂಗಿಗೆ ಊರೆಲ್ಲ ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತು. ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ ಬಿಳಿ ಹತ್ತಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರಿತ್ತು. ಮಿಲ್ಲುಗಳು ಮುಚ್ಚಿದವು, ಆ ಹೆಸರನ್ನು ಭಾಷಣದಲ್ಲಿ ಮಾತ್ರ ಕೇಳುತ್ತೇವೆ.

ಕೆಲವು ವರ್ಷದ ಹಿಂದೆ ಬೇರೆ ರಾಜ್ಯದ ಒಂದು ನಗರಕ್ಕೆ ಹೋದಾಗ, ಹಳೇ ಕಾರ್ಖಾನೆಯನ್ನು ಗ್ಯಾಲರಿ, ಕಾಫಿ ಅಂಗಡಿ ಮಾಡಿದ್ದಾರೆ, ಅಪ್ಪನಿಗೆ ಖುಷಿಯಾಗುತ್ತದೆ ಅಂತ ಕರೆದುಕೊಂಡು ಹೋದೆ. ಒಳಗೆ ಒಂದು ರಿಂಗ್ ಫ್ರೇಮ್, ಅಂದರೆ ನೂಲುವ ಯಂತ್ರ, ನಿಲ್ಲಿಸಿದ್ದರು, ಅಲಂಕಾರಕ್ಕೆ, ಪೂರ್ತಿ ಬಂಗಾರದ ಬಣ್ಣ ಬಳಿದು. ಅದು ಏನು ಅಂತ ಒಂದು ಚೀಟಿಯೂ ಇಲ್ಲ. ಅಪ್ಪ ಹತ್ತಿರ ಹೋಗಿ ಒಂದು ಕದಿರಿನ ಮೇಲೆ ಬೆರಳಿಟ್ಟರು. ಕಾವಲಿನವನು ಓಡಿ ಬಂದು ಮುಟ್ಟಬೇಡಿ ಅಂದ. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಆಡುತ್ತಿದ್ದವು. ತುಂಡಾದ ಎಳೆ ಕೂಡಿಸುವ ಆಟ ಅದು. ಮೂವತ್ತು ವರ್ಷ ಮಾಡಿದ ಕೆಲಸ ಬೆರಳಿಗೆ ನೆನಪಿತ್ತು. ಮುಟ್ಟಲು ಅನುಮತಿ ಇರಲಿಲ್ಲ.

ನಿಮ್ಮ ಜಾಗದಲ್ಲಿ ಹಾಗಾಗಬಾರದು. ಅಷ್ಟೇ ನನ್ನ ಬೇಡಿಕೆ.

ಹೊಳೆಬದಿ

ಅಕ್ಕಾ, ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಇಲ್ಲ, ಕೇಳಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಈ ವಾರ ಹೋಗುತ್ತೇವೆ. ಹಂಚಿನ ಕೆಲಸದಲ್ಲಿ ಹೆಂಗಸರೇ ಬಹಳ ಇದ್ದರು, ಈಗಲೂ ಕೆಲವರು ಹತ್ತಿರದ ಕೇರಿಯಲ್ಲೇ ಬೀಡಿ ಕಟ್ಟಿಕೊಂಡು ಇದ್ದಾರೆ.

ಬಾಲ್ಟಿಕ್_ಕನ್ನಡಿಗ

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ಒಂಬತ್ತು ವರ್ಷ. ನನ್ನ ಮಗಳು ನೃತ್ಯ ಕಲಿಯುವುದು ಒಂದು ಹಳೇ ಕೇಬಲ್ ಕಾರ್ಖಾನೆಯಲ್ಲಿ, ಹೆಸರು ಕಾಪೆಲಿತೆಹ್ದಾಸ್. ಅದರ ಕತೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ವಿವರವಾಗಿ ಹೇಳುತ್ತೇನೆ.

ಕಡಲ ಬದಿಯ ಭಾರೀ ಕಟ್ಟಡ. ಕೆಲಸ 1939ರಲ್ಲಿ ಶುರುವಾಗಿ 1954ರ ತನಕ ಹಂತಹಂತವಾಗಿ ನಡೆಯಿತು. ಸಮುದ್ರದಡಿಯ ಕೇಬಲ್‌ಗಳನ್ನು ಇಲ್ಲೇ ಮಾಡುತ್ತಿದ್ದರು. ಅದಕ್ಕೇ ಅಷ್ಟು ಉದ್ದದ ಹಜಾರ, ಈಗಲೂ ಅದರ ಹೆಸರು ಸಮುದ್ರ ಕೇಬಲ್ ಹಜಾರ ಅಂತಲೇ. 1967ರಲ್ಲಿ ಆ ಕೇಬಲ್ ಕಂಪನಿ, ಒಂದು ರಬ್ಬರ್ ಕಂಪನಿ, ನೋಕಿಯಾ ಮೂರೂ ಒಂದಾದವು. ಎಂಬತ್ತರ ದಶಕದ ಕೊನೆಗೆ ಕಂಪನಿ ಇಲ್ಲಿಂದ ಹೊರಟಾಗ, ಖಾಲಿಯಾದ ಕೋಣೆಗಳನ್ನು ತಾತ್ಕಾಲಿಕ ಅಂತ ಕಡಿಮೆ ಬಾಡಿಗೆಗೆ ಕೊಡುತ್ತಾ ಬಂತು. ಚಿತ್ರಕಾರರು, ಸಂಗೀತಗಾರರು, ವಾಸ್ತುಶಿಲ್ಪಿಗಳು ಬಂದು ಸೇರಿಕೊಂಡರು. "ಸದ್ಯಕ್ಕೆ ಉಪಯೋಗಿಸಿಕೊಳ್ಳಿ", ನಿಮ್ಮ ಹಿರಿಯರ ಮಾತೇ.

ಅಷ್ಟರಲ್ಲಿ ಕಟ್ಟಡ ನಗರಸಭೆಗೆ ಬರುವುದು ಖಾತ್ರಿಯಾಯಿತು. ನಗರದ ಯೋಜನೆಯಲ್ಲಿ ಒಂದಷ್ಟು ಭಾಗ ಒಡೆಯುವುದು, ಉಳಿದದ್ದನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಉಪಯೋಗಕ್ಕೆ ಕೊಡುವುದು ಅಂತಿತ್ತು. ಬಾಡಿಗೆದಾರರು ಪ್ರೋ ಕಾಪೆಲಿ ಅಂತ ಒಂದು ಸಂಘ ಕಟ್ಟಿದರು. ಮುಖ್ಯವಾದ ಮಾತು ಇಲ್ಲಿದೆ: ಅವರು ಬೇಡ ಬೇಡ ಅಂತ ಕೂಗುವುದಷ್ಟೇ ಮಾಡಲಿಲ್ಲ. ಅವರಲ್ಲೇ ವಾಸ್ತುಶಿಲ್ಪಿಗಳಿದ್ದರಲ್ಲ, ಕಟ್ಟಡವನ್ನು ಇಡಿಯಾಗಿ ಉಳಿಸಿಕೊಂಡು ಹೇಗೆ ನಡೆಸಬಹುದು ಅಂತ ಬದಲಿ ಯೋಜನೆಯನ್ನೇ ಬರೆದು ನಗರದ ಮುಂದಿಟ್ಟರು. ನಗರ ಒಪ್ಪಿತು. 1991ರಲ್ಲಿ ಕಟ್ಟಡ ನೋಡಿಕೊಳ್ಳಲು ನಗರದ ಒಡೆತನದಲ್ಲೇ ಒಂದು ಕಂಪನಿಯಾಯಿತು. ಬರುವ ಬಾಡಿಗೆಯಲ್ಲೇ ಖರ್ಚು, ದುರಸ್ತಿ ಎಲ್ಲ. ಈಗ ಅಲ್ಲಿ ಮ್ಯೂಸಿಯಂ, ಗ್ಯಾಲರಿಗಳು, ನೃತ್ಯ ಶಾಲೆಗಳು, ನೂರಾರು ಕಲಾವಿದರ ಕೋಣೆಗಳು. 2022ರಲ್ಲಿ ಪಕ್ಕಕ್ಕೇ ನೃತ್ಯಕ್ಕೆ ಅಂತ ಹೊಸ ಮನೆಯೂ ತೆರೆಯಿತು.

ಚಳಿಗಾಲದಲ್ಲಿ ಮಗಳನ್ನು ಬಿಟ್ಟು ನಾನು ಮೆಟ್ಟಿಲ ಮೇಲೆ ಕಾಯುತ್ತೇನೆ. ಭಾರದ ಸಾಮಾನು ಓಡಾಡಿ ಸವೆದ ಮೆಟ್ಟಿಲು. ಒಂದು ಬಾಗಿಲಿಂದ ಡ್ರಮ್ಮು, ಇನ್ನೊಂದರಿಂದ ಮಕ್ಕಳ ಗಲಾಟೆ, ಮತ್ತೊಂದರಿಂದ ಎಣ್ಣೆ ಬಣ್ಣದ ವಾಸನೆ. ಪ್ರತಿ ಸಲ ನಮ್ಮ ಊರಲ್ಲಿ ಇಂಥದ್ದೊಂದು ಇದ್ದಿದ್ದರೆ ಅನ್ನಿಸುತ್ತದೆ. ಅದಕ್ಕೇ ನಿಮ್ಮ ಬರಹ ನೋಡಿ ಇಷ್ಟೆಲ್ಲ ಬರೆದೆ.

ಪರೇಲ್_ನೆನಪು

ಅಲ್ಲಿ ಮಾಲೀಕ ನಗರಸಭೆ. ಇಲ್ಲಿ ಮಾಲೀಕರು ಮೂರು ಪಾಲಿನ ದಾಯಾದಿಗಳು. ಅಜಗಜಾಂತರ ಇದೆ.

ಬಾಲ್ಟಿಕ್_ಕನ್ನಡಿಗ

ಒಪ್ಪುತ್ತೇನೆ. ಆದರೆ ಬದಲಿ ಯೋಜನೆ ಬರೆದು ಇಟ್ಟುಕೊಳ್ಳುವುದಕ್ಕೆ ಮಾಲೀಕ ಯಾರಾದರೇನು? ನಾಳೆ ಒಬ್ಬ ಬಿಲ್ಡರ್ ನಕ್ಷೆ ಹಿಡಿದುಕೊಂಡು ಬರುತ್ತಾನೆ. ಆ ದಿನ ಇವರ ಕೈಯಲ್ಲೂ ಒಂದು ನಕ್ಷೆ, ಒಂದು ಲೆಕ್ಕ ಇರಬೇಕು.

ಕಡಲ ತಡಿ

ನಾನು ಚಿತ್ರ ಕಲಾವಿದೆ, ಮಂಗಳೂರಿನವಳು. ಕೊಚ್ಚಿ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಮೊದಲ ಸಲದಿಂದ ಹೋಗುತ್ತಿದ್ದೇನೆ. ಭಾರತದಲ್ಲಿ ಹಳೇ ಗೋದಾಮುಗಳಿಗೆ ಕಲೆ ಹೊಕ್ಕ ದೊಡ್ಡ ಉದಾಹರಣೆ ಅದೇ, ಅದರ ಗೆಲುವು, ಸಂಕಟ ಎರಡನ್ನೂ ಹೇಳುತ್ತೇನೆ.

2012ರ ಡಿಸೆಂಬರ್ 12ಕ್ಕೆ ಶುರುವಾಯಿತು. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಇಬ್ಬರೂ ಕಲಾವಿದರು, ಅವರೇ ಹುಟ್ಟುಹಾಕಿದವರು. ಮುಖ್ಯ ಜಾಗ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಶುರುವಾದ ಆಸ್ಪಿನ್‌ವಾಲ್ ವ್ಯಾಪಾರಿ ಕಂಪನಿಯದು. ಕಾಳುಮೆಣಸು, ಶುಂಠಿ, ತೆಂಗಿನೆಣ್ಣೆ, ತೆಂಗಿನ ನಾರು ಎಲ್ಲ ಅಲ್ಲಿಂದಲೇ ಹಡಗು ಹತ್ತುತ್ತಿದ್ದವು. ನಮ್ಮ ಮಂಗಳೂರಿನವರಿಗೂ ಈ ಹೆಸರು ಹೊಸದಲ್ಲ, ಕಾಫಿ ಸಂಸ್ಕರಣೆಯಿಂದ ಪರಿಚಿತ.

ಮೊದಲ ವರ್ಷ ಅಲ್ಲಿ ಒಳಗೆ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಒರಳುಕಲ್ಲುಗಳು. ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಮಾಡಿದ ಕೃತಿ. ಮಿಕ್ಸಿ ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಹೊರಬಿದ್ದ ಒರಳುಗಳು, ನೂರಕ್ಕೂ ಹೆಚ್ಚು. ಒರಳನ್ನು ಒಡೆಯಬಾರದು, ಬಿಸಾಡಬಾರದು ಅನ್ನುವ ನಂಬಿಕೆ ನಮ್ಮಲ್ಲಿದೆಯಲ್ಲ, ಹಾಗಾಗಿ ಜನ ಬೀದಿ ಬದಿಗೆ ಇಟ್ಟು ಸುಮ್ಮನಾಗುತ್ತಾರೆ. ಅವನ್ನು ಲಾರಿಯಲ್ಲಿ ಕೊಚ್ಚಿಗೆ ತಂದಿದ್ದರು. ಮೆಣಸು ಸಾಗಿಸಿದ ಬಂದರಿನಲ್ಲಿ ಮೆಣಸು ಅರೆದ ಕಲ್ಲು. ಒಂದರ ಗುಳಿಯಲ್ಲಿ ಕೈಯಾಡಿಸಿದೆ. ಅಜ್ಜಿಯ ಅಡುಗೆಮನೆಯ ನೆಲ ನೆನಪಾಯಿತು. ಆ ಕೃತಿಯನ್ನು ಬಿಳಿ ಗೋಡೆಯ ಹವಾನಿಯಂತ್ರಿತ ಗ್ಯಾಲರಿಯಲ್ಲಿ ಇಟ್ಟಿದ್ದರೆ ಅರ್ಧ ಸತ್ತುಹೋಗುತ್ತಿತ್ತು.

2016ರಲ್ಲಿ ಮಂಗಳೂರು ಮೂಲದ ಸುದರ್ಶನ್ ಶೆಟ್ಟಿ ಅದರ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಜೋಡಿಸುವವರು. ಆ ವರ್ಷ ಚಿಲಿಯ ಕವಿ ರೌಲ್ ಸುರಿತಾ ಒಂದು ಗೋದಾಮಿನ ನೆಲಕ್ಕೆ ಕಡಲ ನೀರು ತುಂಬಿಸಿದ್ದರು. ಚಪ್ಪಲಿ ಕಳಚಿ, ಬಟ್ಟೆ ಮೊಣಕಾಲಿಗೆ ಎತ್ತಿ, ನೀರೊಳಗೆ ನಡೆದು ಆಚೆ ಗೋಡೆಯ ಬರಹ ಓದಬೇಕು. ಸಿರಿಯಾದಿಂದ ಓಡಿ ಬರುವಾಗ ಕಡಲಲ್ಲಿ ಮುಳುಗಿದ ಗಾಲಿಪ್ ಕುರ್ದಿ ಎಂಬ ಮಗುವಿಗೆ ಅರ್ಪಿಸಿದ್ದು. ನನ್ನ ಮುಂದೆ ಒಬ್ಬ ಮೀನುಗಾರ ಲುಂಗಿ ಕಟ್ಟಿಕೊಂಡು ನಿಧಾನಕ್ಕೆ ನಡೆದ. ಓದಿ ತಿರುಗಿ ಬರುವಾಗ ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇನ್ನು ಸಂಕಟ. ಬಿನಾಲೆ ಎರಡು ವರ್ಷಕ್ಕೊಮ್ಮೆ, ಕೆಲವು ತಿಂಗಳು. ಆಸ್ಪಿನ್‌ವಾಲ್ ಹೌಸ್ ಅದನ್ನು ನಡೆಸುವವರ ಸ್ವಂತದ್ದಲ್ಲ. 2022ರ ಆವೃತ್ತಿ ಡಿಸೆಂಬರ್ 12ಕ್ಕೆ ತೆರೆಯಬೇಕಿತ್ತು. ಬೇರೆ ಬೇರೆ ದೇಶಗಳಿಂದ ಜನ ಬಂದಿಳಿದಾಗಿತ್ತು, ಕೊನೇ ಗಳಿಗೆಯಲ್ಲಿ 23ಕ್ಕೆ ಮುಂದೂಡಿದರು. ಕಟ್ಟಡ ಕೈಗೆ ಸಿಗುವುದು ತಡವಾದದ್ದೂ ಒಂದು ಕಾರಣ. ಭಾಗವಹಿಸಿದ ಹಲವು ಕಲಾವಿದರು ಬಹಿರಂಗ ಪತ್ರವನ್ನೇ ಬರೆದರು. ಅಷ್ಟು ದೊಡ್ಡ ಸಂಸ್ಥೆಗೇ ಬೀಗದ ಕೈ ತನ್ನದಲ್ಲ ಅನ್ನುವುದು ಅಷ್ಟು ಕಾಡಿತು.

ನಿಮ್ಮ ಅಳತೆಗೆ ಹತ್ತಿರದ್ದು ಬೇಕಾದರೆ ಕೇರಳದ ಆಲಪ್ಪುಳ ನೋಡಿ. 2021ರಲ್ಲಿ ಬಿನಾಲೆ ನಡೆಸುವ ಪ್ರತಿಷ್ಠಾನವೇ ಅಲ್ಲಿನ ಹಳೇ ನಾರಿನ ಕಟ್ಟಡಗಳಲ್ಲಿ 267 ಮಲಯಾಳಿ ಕಲಾವಿದರ ಪ್ರದರ್ಶನ ಮಾಡಿತು. ಚಾಪೆ ನೇಯುತ್ತಿದ್ದ ಶೆಡ್ಡುಗಳು. ಅಲಂಕಾರ ಏನೂ ಮಾಡಿರಲಿಲ್ಲ, ಗುಡಿಸಿ, ದೀಪ ಹಾಕಿ, ಗೋಡೆಗೆ ತೂಗುಹಾಕಿದ್ದರು. ಸಾಕಿತ್ತು.

ಸಂಜೆ ತಾಲೀಮು

ಹಾಗಾದರೆ ಹಬ್ಬಕ್ಕಿಂತ ದಿನದ ಬಳಕೆ ಮುಖ್ಯ ಅಂತಾಯಿತು. ವರ್ಷಕ್ಕೊಂದು ನಾಟಕೋತ್ಸವ ಮಾಡಿ ಬೀಗ ಹಾಕಿದರೆ ಆ ಜಾಗ ಊರಿನದಾಗುವುದಿಲ್ಲ. ದಿನಾ ಸಂಜೆ ದೀಪ ಉರಿಯಬೇಕು.

ಇಟ್ಟಿಗೆ ಗೂಡು

ವಾಸ್ತುಶಿಲ್ಪ ಓದುತ್ತಿದ್ದೇನೆ. ದಿನದ ಬಳಕೆ ಅಂದಿದ್ದಕ್ಕೆ ಒಂದು ನೆನಪಾಯಿತು. ಬ್ರೆಜಿಲ್‌ನ ಸಾವ್ ಪಾವ್ಲೋದಲ್ಲಿ ಪೀಪಾಯಿ ಮಾಡುತ್ತಿದ್ದ ಒಂದು ಕಾರ್ಖಾನೆ ಇತ್ತು, ಪೊಂಪೇಯ ಅನ್ನುವ ಬಡಾವಣೆಯಲ್ಲಿ. ಅದನ್ನು ಜನರ ವಿರಾಮ ಕೇಂದ್ರ ಮಾಡಲು ವಾಸ್ತುಶಿಲ್ಪಿ ಲೀನಾ ಬೋ ಬಾರ್ಡಿ ಅವರನ್ನು ಕರೆದರು. ಅವರು ನೋಡಲು ಹೋದಾಗ ಒಂದು ಶನಿವಾರ ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ತಾಯಂದಿರು ಅಡುಗೆ ಮಾಡುತ್ತಿದ್ದರು, ಬೊಂಬೆಯಾಟ ನಡೆದಿತ್ತು. ಇದೆಲ್ಲ ಹೀಗೇ ಇರಲಿ ಅನ್ನುವುದೇ ಅವರ ವಿನ್ಯಾಸದ ಮೊದಲ ನಿರ್ಧಾರವಾಯಿತು. ಶೆಡ್ಡುಗಳನ್ನು ಉಳಿಸಿ, ಒಳಗೆ ಗ್ರಂಥಾಲಯ, ಕಾರ್ಯಾಗಾರ, ರಂಗಮಂದಿರ, ಊಟದ ಮನೆ ಮಾಡಿ 1982ರಲ್ಲಿ ತೆರೆದರು. ಸುಮ್ಮನೆ ಬಂದು ಕೂತು ಪೇಪರ್ ಓದಿ ಹೋಗುವವರಿಗೂ ಅಲ್ಲಿ ಜಾಗವಿದೆ.

ಹೊಳೆಬದಿ ಅವರೇ, ನಿಮ್ಮ ಕಾರ್ಖಾನೆಯ ಅಂಗಳದಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ?

ಹೊಳೆಬದಿ

ಒಳ್ಳೆಯ ಪ್ರಶ್ನೆ. ಹುಡುಗರು ಕ್ರಿಕೆಟ್ ಆಡುತ್ತಾರೆ. ಇಬ್ಬರು ಬಲೆ ಹೆಣೆಯುತ್ತಾರೆ, ನೆರಳಿದೆ ಅಂತ. ಅಡಿಕೆ ಒಣಗಿಸುತ್ತಾರೆ. ಅವರನ್ನು ಎಬ್ಬಿಸಬೇಕಾಗುತ್ತದೆ ಅಂತ ನಾವು ಮಾತಾಡಿಕೊಂಡಿದ್ದೆವು. ಈಗ ಅದು ತಪ್ಪು ಅನ್ನಿಸುತ್ತಿದೆ.

ಮಿಲ್ಲಿನ ಮಗಳು

ಎಬ್ಬಿಸಬೇಡಿ. ಅವರೇ ನಿಮ್ಮ ಮೊದಲ ಪ್ರೇಕ್ಷಕರು.

ತೊಲೆ_ಪಕಾಸು

ಬಲೆ ಹೆಣೆಯುವವರು ಇರುವ ಕಡೆ ಕಳ್ಳರು ಬರುವುದಿಲ್ಲ. ಕಾವಲಿಗೆ ಸಂಬಳ ಉಳಿಯಿತು.

ಪರೇಲ್_ನೆನಪು

ಕಾಗದದ ವಿಚಾರ ಮತ್ತೆ ಎತ್ತುತ್ತೇನೆ, ಬಿಡುವುದಿಲ್ಲ. ನನ್ನ ಹೆಂಡತಿ ವಕೀಲೆ, ಅವಳನ್ನು ಕೇಳಿ ಬರೆಯುತ್ತಿದ್ದೇನೆ. ಸಂಘ ನೋಂದಣಿ ಮಾಡಿಸಿ. ಕರ್ನಾಟಕದ 1960ರ ಸಂಘಗಳ ಕಾಯ್ದೆಯಲ್ಲಿ ಏಳು ಜನ ಸಾಕು, ನೀವು ಹನ್ನೊಂದು ಇದ್ದೀರಿ. ಒಬ್ಬೊಬ್ಬರ ಹೆಸರಲ್ಲಿ ಕರಾರು ಬೇಡ, ಸಂಘದ ಹೆಸರಲ್ಲಿ ಇರಲಿ. ಹನ್ನೊಂದು ತಿಂಗಳ ಕಾಗದ ಬೇಡವೇ ಬೇಡ. ಹತ್ತು ವರ್ಷದ ಗುತ್ತಿಗೆ ಕೇಳಿ. ಒಂದು ವರ್ಷ ಮೀರಿದ್ದು ನೋಂದಣಿಯಾಗಲೇಬೇಕು, ಆಗದಿದ್ದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮೂರೂ ಪಾಲಿನವರ ಸಹಿ ಬೇಕು, ಊರಲ್ಲಿರುವ ಹಿರಿಯರದ್ದು ಮಾತ್ರ ಸಾಲದು. ಬಾಡಿಗೆ ಕೊಡಿ, ತಿಂಗಳಿಗೆ ಐನೂರಾದರೂ ಸರಿ, ರಸೀದಿ ತೆಗೆದುಕೊಳ್ಳಿ. ನೀವು ಹಾಕುವ ದುರಸ್ತಿ ಖರ್ಚಿನ ಲೆಕ್ಕ, ಅವಧಿಗೆ ಮುಂಚೆ ಬಿಡಿಸಿದರೆ ಅದನ್ನು ಹಿಂದಿರುಗಿಸುವ ಮಾತು ಎರಡೂ ಬರಹದಲ್ಲಿರಲಿ.

ಹೊಳೆಗೆ ಉಬ್ಬರದ ನೀರು ಬರುತ್ತದಾ? ಹಾಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವನ್ನೂ ವಿಚಾರಿಸಿ, ಹೊಸದಾಗಿ ಏನೂ ಕಟ್ಟುವ ಮುಂಚೆ.

ಹೊಳೆಬದಿ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಕ್ಷಮಿಸಿ, ಓಡಾಟ.

ಹಿರಿಯರ ಹತ್ತಿರ ಗುತ್ತಿಗೆಯ ಮಾತೆತ್ತಿದಾಗ ಮೊದಲು ಬೇಸರಪಟ್ಟರು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವಾ ಅಂದರು. ನಿಮ್ಮ ಮೇಲೆ ಇದೆ, ನಿಮ್ಮ ನಂತರ ಯಾರನ್ನು ಕೇಳುವುದು ಅಂದೆವು. ಸುಮ್ಮನಾದರು. ಒಳಗೆ ಹೋಗಿ ಎಲೆಯಡಿಕೆ ತಂದಿಟ್ಟರು. ಈಗ ಇಬ್ಬರ ಸಹಿಗೆ ಒಪ್ಪಿಗೆ ಆಗಿದೆ. ಮೂರನೆಯವರು ದುಬೈಯಲ್ಲಿದ್ದಾರೆ. ಐದು ವರ್ಷಕ್ಕೆ ಸರಿ, ಹತ್ತು ಆಗದು ಅನ್ನುತ್ತಿದ್ದಾರೆ. ಮಾತುಕತೆ ನಡೆದಿದೆ. ಬಾಲ್ಟಿಕ್ ಹೇಳಿದ ಹಾಗೆ ನಾವೂ ಒಂದು ನಕ್ಷೆ, ಐದು ವರ್ಷದ ಲೆಕ್ಕ ಬರೆದು ಕಳಿಸಿದ್ದೇವೆ. ಇಟ್ಟಿಗೆ ಗೂಡು ಅವರು ನಕ್ಷೆ ಬಿಡಿಸಿಕೊಟ್ಟರು, ಅವರಿಗೆ ನಮಸ್ಕಾರ.

ಕೆಲಸದವರನ್ನು ಹುಡುಕಿಕೊಂಡು ಹೋದೆವು. ಮೊದಲ ಮನೆಯಲ್ಲಿ ಒಬ್ಬ ಅಜ್ಜಿ, ಇಪ್ಪತ್ತಾರು ವರ್ಷ ದುಡಿದವರು. ಕರೆದ ಕೂಡಲೇ ಬಂದರು. ಗೇಟಿನ ಹೊರಗೇ ಚಪ್ಪಲಿ ಬಿಟ್ಟರು, ಯಾಕೆ ಅಂತ ಕೇಳಲು ನಮಗೆ ಬಾಯಿ ಬರಲಿಲ್ಲ. ಗೋದಾಮಿನ ರಾಶಿಯಿಂದ ಒಂದು ಹಂಚು ಎತ್ತಿ ಗೆಣ್ಣಿನಿಂದ ತಟ್ಟಿದರು. ಠಣ್ ಅಂತು. "ಇದು ಬೆಂದಿದೆ." ಇನ್ನೊಂದು ತಟ್ಟಿದರು, ಮಂಕು ದನಿ. "ಇದು ಮಾಡಿಗೆ ಹಾಕಬೇಡಿ, ಎರಡು ಮಳೆಗೆ ಹೋಗುತ್ತದೆ." ಅರ್ಧ ಗಂಟೆಯಲ್ಲಿ ನಮ್ಮ ಹನ್ನೊಂದೂ ಜನ ಸಾಲಾಗಿ ಕೂತು ಹಂಚು ತಟ್ಟಿ ಬೇರೆ ಮಾಡುತ್ತಿದ್ದೆವು. ಒಂದು ಹಂಚು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ನಾಲ್ಕು ಬೆರಳಿನ ಗುರುತು, ಹಸಿ ಇದ್ದಾಗ ಎತ್ತಿದವರದ್ದು, ಸಣ್ಣ ಕೈ. ಯಾರದ್ದು ಅಂತ ಗೊತ್ತಿಲ್ಲ ಅಂದರು. ಆಮೇಲೆ ತಮ್ಮ ಕೈ ಅದರ ಮೇಲಿಟ್ಟು ನೋಡಿದರು. ಹೊಂದಲಿಲ್ಲ.

ಅವತ್ತು ಸಂಜೆ ಒಂದು ನೋಟ್‌ಪುಸ್ತಕ ತೆರೆದೆವು. ಇಲ್ಲಿ ದುಡಿದವರ ಹೆಸರು, ಯಾವ ಕೆಲಸ, ಎಷ್ಟು ವರ್ಷ. ನಲವತ್ತಮೂರು ಹೆಸರಾಗಿದೆ. ಭಟ್ಟಿಯ ಮೊದಲ ಕಮಾನಿನಲ್ಲಿ ಮೊದಲ ಪ್ರದರ್ಶನ ಅದೇ, ಆ ಹೆಸರುಗಳು. ಹಸಿ ಹಂಚಿನ ಮೇಲೆ ಬರೆದು ಸುಡಬೇಕು ಅಂತ ನಮ್ಮ ಕುಂಬಾರಿಕೆಯವರ ಯೋಚನೆ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಮಾಡು ಹತ್ತುತ್ತೇವೆ. ಹತ್ತಿರದವರು ಬನ್ನಿ. ದಪ್ಪ ಅಟ್ಟೆಯ ಚಪ್ಪಲಿ, ತಲೆಗೊಂದು ಮುಂಡಾಸು ಇರಲಿ. ಗಂಜಿ ಊಟ ನಮ್ಮದು.

ಮಿಲ್ಲಿನ ಮಗಳು

ಅಪ್ಪನಿಗೆ ಓದಿ ಹೇಳಿದೆ. ಭಾನುವಾರ ಬರುವುದು ಕಷ್ಟ, ದೂರ. ಆದರೆ ತೆರೆಯುವ ದಿನ ಹೇಳಿ, ಬರುತ್ತೇವೆ.

ತೊಲೆ_ಪಕಾಸು

ನಾನು ಭಾನುವಾರ ಬರುತ್ತೇನೆ. ನಾನು ಬಂದು ತೊಲೆ ನೋಡುವ ತನಕ ಯಾರೂ ಮೇಲೆ ಹತ್ತಬೇಡಿ.

ಅಬ್ಬಿಮನೆ

ಈ ವೇದಿಕೆಯಲ್ಲಿ ಓದುತ್ತಿದ್ದೆ ಅಷ್ಟೆ, ಬರೆಯುವುದು ಇದೇ ಮೊದಲು. ನೀವು ಹೇಳುತ್ತಿರುವ ಚಿಮಣಿ ಯಾವುದು ಅಂತ ನನಗೆ ಗೊತ್ತಾಯಿತು. ನನ್ನ ದೊಡ್ಡಮ್ಮ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ತೀರಿಕೊಂಡು ಆರು ವರ್ಷ ಆಯಿತು. ಇಲ್ಲದವರ ಹೆಸರೂ ಬರೆದುಕೊಳ್ಳುತ್ತೀರಾ?

ಹೊಳೆಬದಿ

ಖಂಡಿತ. ಹೆಸರು ಖಾಸಗಿ ಸಂದೇಶದಲ್ಲಿ ಕಳಿಸಿ. ಯಾವ ಕೆಲಸ ಮಾಡುತ್ತಿದ್ದರು?

ಅಬ್ಬಿಮನೆ

ಹಸಿ ಹಂಚು ಹೊರುವುದು. ಹಲಗೆಯ ಮೇಲೆ ಸಲಕ್ಕೆ ಆರು, ತಲೆಯ ಮೇಲೆ, ಅಟ್ಟಕ್ಕೆ. ಕುತ್ತಿಗೆ ಕೊನೆಯ ತನಕ ನೆಟ್ಟಗೇ ಇತ್ತು ಅವರದ್ದು.